ಹತ್ತದ ಬ್ರೇಕ್ ಲೈಟು

ನಾನು ಮೊದಲಿನಿಂದಲೂ ಪುಕ್ಕಲಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಯಲ್ಲಾಪುರದ ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಓಡಿ ಬಂದವಳು. ಅಂಥವಳ ಮಗಳಿಗೆ ಘಟ್ಟದ ಕೆಳಗೆ, ಅಂಕೋಲೆಯಲ್ಲಿ ಕೆಲಸ ಸಿಕ್ಕಿತು. ಅವಳಿಗೆ ಬಸ್ಸು ಬೇಡವಂತೆ, ಅಜ್ಜನ ಹಳೇ ಕಾರೇ ಬೇಕಂತೆ. ಸೋಮವಾರ ಬೆಳಿಗ್ಗೆ ಒಬ್ಬಳೇ ಅರಬೈಲ್ ಘಟ್ಟ ಇಳಿಯುವವಳಿದ್ದಳು. ಲಾರಿಗಳು ಸಾಲುಗಟ್ಟಿ ಇಳಿಯುವ ಘಟ್ಟ ಅದು.

ಭಾನುವಾರ ಅವಳು ಕಾರು ತಿರುಗಿಸುತ್ತಿದ್ದಾಗ ಬ್ರೇಕ್ ಲೈಟು ಹತ್ತದಿದ್ದದ್ದು ನನ್ನ ಕಣ್ಣಿಗೇ ಬೀಳಬೇಕೆ? ತಿರುವಿನಲ್ಲಿ ಇವಳು ನಿಧಾನ ಮಾಡಿದ್ದು ಹಿಂದಿನ ಲಾರಿಯವನಿಗೆ ಗೊತ್ತೇ ಆಗದಿದ್ದರೆ? ಅದರ ಮುಂದಕ್ಕೆ ಯೋಚಿಸಲು ನನ್ನಿಂದ ಆಗಲಿಲ್ಲ.

ನನ್ನ ಗಂಡನಿಗೆ ಇಂಥದ್ದು ಸಿಕ್ಕರೆ ಹಬ್ಬ. ಲುಂಗಿ ಎತ್ತಿ ಕಟ್ಟಿ ಬಂದವರು, “ಲೈಟ್ ಹೋದ್ರೆ ಬ್ರೇಕ್ ಹೋಗ್ತಿಲ್ಲೆ. ನೀ ಸುಮ್ನೆ ಹೆದ್ರಡ” ಅಂದರು. ನನ್ನನ್ನು ಕಾರಿನ ಹಿಂದೆ ನಿಲ್ಲಿಸಿ, ಮಗಳಿಗೆ ಪೆಡಲು ಒತ್ತಲು ಹೇಳಿದರು.

“ಆಯಿ, ಕೆಂಪು ಕಾಣ್ತಾ?” ಮಗಳು ಸೀಟಿನಿಂದಲೇ ಕೂಗಿದಳು.

“ಇಲ್ಲೆ.”

ಬಲ್ಬು ಬದಲಿಸಿದ್ದಾಯಿತು. ಫ್ಯೂಸ್ ಸರಿಯಿತ್ತು. ಆಮೇಲೆ ಅವರಿಗೆ ಹೊಳೆದದ್ದು ಗೇರೆಣ್ಣೆ. ಗೇರುಬೀಜದ ಸಿಪ್ಪೆಯ ಈ ಕಪ್ಪೆಣ್ಣೆಯನ್ನು ನಮ್ಮ ಕಡೆ ಗೆದ್ದಲು ಹಿಡಿಯದಿರಲೆಂದು ಮನೆಯ ಮರಕ್ಕೆ ಹಚ್ಚುತ್ತೇವೆ. ನನ್ನ ಗಂಡ ತುಕ್ಕು ಹಿಡಿಯದಿರಲೆಂದು ಕಾರಿನ ಹೊಟ್ಟೆಗೂ ಬಳಿದಿದ್ದರು. ಲೈಟಿನ ಅರ್ಥ್ ವಯರು ಕಾರಿನ ತಗಡಿಗೆ ಕೂರುವ ಜಾಗಕ್ಕೂ ಅದೇ ಮೆತ್ತಿಕೊಂಡು ಕರೆಂಟು ತಡೆದಿತ್ತು. ಕೆರೆದು ಕೂರಿಸಿದ ಮೇಲೆ ಎರಡೂ ಲೈಟು ಹತ್ತಿದವು. ನಾನು ಚಪ್ಪಾಳೆ ತಟ್ಟಿದೆ. ನಾಚಿಕೆಯೇನಿಲ್ಲ, ನಿಜವಾಗಿ ತಟ್ಟಿದೆ.

ಆದರೆ ಜೋರಾಗಿ ಒತ್ತಿದರೆ ಮಾತ್ರ ಹತ್ತುತ್ತಿತ್ತು. ಮೆತ್ತಗೆ ಒತ್ತಿದರೆ ಇಲ್ಲ.

ಈ ಹಳೇ ಕಾರಿನಲ್ಲಿ ಬ್ರೇಕ್ ಲೈಟಿನ ಸ್ವಿಚ್ಚು ಅಡಿಯಲ್ಲಿ, ಬ್ರೇಕ್ ಆಯಿಲಿನ ಪೈಪಿಗೆ ಸೇರಿಕೊಂಡಿದೆ; ಆಯಿಲಿನ ಒತ್ತಡಕ್ಕೇ ಲೈಟು ಹತ್ತಬೇಕು. ಇವರು ಕಾರಿನಡಿಗೆ ನುಗ್ಗಿ ಸ್ವಿಚ್ಚಿನ ಎರಡು ವಯರನ್ನು ಒಂದಕ್ಕೊಂದು ತಾಗಿಸಿದರು. ಪೆಡಲು ಒತ್ತದೆಯೇ ಲೈಟು ಝಗ್ಗೆಂದಿತು.

“ಸ್ವಿಚ್ಚೇ ಹಾಳಾಜು. ನಾಳೆಗೆ ಕೈಯಲ್ಲಿ ಒತ್ತೋ ಸ್ವಿಚ್ ಹಾಕಿ ಕೊಡನ. ಹೊಸದು ಆಮೇಲೆ ತಂದ್ರಾತು” ಅಂದರು ಅಲ್ಲಿಂದಲೇ.

“ಅಲ್ಲಿ ಎಂತಕ್ಕೆ ಒದ್ದೆ ಇದ್ದು?” ಬಗ್ಗಿ ಕೇಳಿದೆ.

“ಗೇರೆಣ್ಣೆ ಮಾರಾಯ್ತಿ.”

ಗೇರೆಣ್ಣೆ ನನಗೆ ಗೊತ್ತಿಲ್ಲವೆ? ಬಾಗಿಲುವಾಡಕ್ಕೆ ಹಚ್ಚಿ ಕೈ ಬೊಬ್ಬೆ ಎಬ್ಬಿಸಿಕೊಂಡವಳು ನಾನು. ಅದು ಅಂಟಾಗಿ, ಒಣಗಿ ಕಪ್ಪಗೆ ಕೂರುತ್ತದೆ. ಮಳೆಗಾಲಕ್ಕೆ ಮುಂಚೆ ಹಚ್ಚಿದ್ದು ದೀಪಾವಳಿ ಕಳೆದರೂ ಹನಿಯುವುದಿಲ್ಲ. ಕೈ ಚಾಚಿ ಸ್ವಿಚ್ಚಿನ ಬುಡ ಮುಟ್ಟಿದೆ. ಬೆರಳಿಗೆ ಹತ್ತಿದ್ದು ತೆಳ್ಳಗಿತ್ತು, ಜಾರುತ್ತಿತ್ತು. ಗೇರೆಣ್ಣೆಯ ವಾಸನೆಯೇ ಇರಲಿಲ್ಲ.

ಇವರು ಹೊರಗೆ ಬಂದು ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದರು. ತಳ ಕಾಣುತ್ತಿತ್ತು. ಸ್ವಿಚ್ಚು ಸೋರಿ ಸೋರಿ ಆಯಿಲೆಲ್ಲ ಹೋಗಿತ್ತು. ಗೇರೆಣ್ಣೆಯ ಕಪ್ಪಿನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಲೈಟಲ್ಲ, ಬ್ರೇಕೇ ಕೈಕೊಡುವುದರಲ್ಲಿತ್ತು. ಇವರ ಮುಖ ಬಿಳಚಿಕೊಂಡಿತು. ನಾನು ಅಂಗಳದಲ್ಲೇ ಕುಳಿತೆ.

ಮಗಳು ಸೀಟಿನಿಂದ ಇಳಿಯಲಿಲ್ಲ. ಕೂತಲ್ಲಿಂದಲೇ ಸಣ್ಣ ದನಿಯಲ್ಲಿ ಹೇಳಿದಳು: “ಆಯಿ, ನಿನ್ನೆ ವಜ್ರಳ್ಳಿಯಿಂದ ಬಪ್ಪಕಾದ್ರೆ ಬ್ರೇಕು ಒಂದೇ ಸಲಕ್ಕೆ ಹಿಡಿದಿದ್ದಿಲ್ಲೆ. ಎರಡೆರಡು ಸಲ ಒತ್ತವಾತು.”

“ಹೇಳಲಾಗ್ತಿತ್ತಿಲ್ಯನೆ ಕೂಸೆ?”

“ಹೇಳಿದ್ರೆ ನೀ ಕಾರು ಮುಟ್ಟಲೇ ಬಿಡ್ತಿಲ್ಲೆ ಅಂತ ಹೇಳಿದ್ನಿಲ್ಲೆ.”

ಲಾರಿಗೆ, ತಿರುವಿಗೆ, ಕತ್ತಲೆಗೆ, ಎಲ್ಲಕ್ಕೂ ಹೆದರಿದ್ದೆ. ಮಗಳು ನನಗೆ ಹೆದರಿ ಬ್ರೇಕಿಲ್ಲದ ಕಾರಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಾಳು ಎಂದು ಮಾತ್ರ ಅಂದುಕೊಂಡಿರಲಿಲ್ಲ. ಕೀಲಿ ಅವಳ ಕೈಯಲ್ಲೇ ಇತ್ತು. ಕಸಿದುಕೊಳ್ಳಬೇಕು ಅನ್ನಿಸಿತು. ಕೈ ಚಾಚಲು ಧೈರ್ಯ ಬರಲಿಲ್ಲ.