ಖಾಲಿ ಅಡುಗೆಮನೆಯ ಉತ್ತರ

ಸರಕಿನ ಹಾಗೆ ತೂಗಿದರೆ, ವಿಲೆ ಪಾರ್ಲೆಯ ಹೋಟೆಲಿನ ಸಪ್ಲಾಯರ್ ಐತಪ್ಪ ಮೋಟು ಆಳು, ಒಡಕು ದನಿ. ಜ್ಞಾಪಕಶಕ್ತಿ ಮಾತ್ರ ಒಂದನೇ ನಂಬರು. ೧೯೫೬ರಲ್ಲಿ ಜರ್ಮನ್ ಕಂಪನಿಯೊಂದರ ಕ್ಯಾಂಟೀನ್ ಕೆಲಸದ ಆಸೆಗೆ, ದಿನವೂ ಕಾಫಿಗೆ ಬರುವ ಜರ್ಮನ್ ಮುದುಕಿಯಿಂದ ಅವನು ಆ ಭಾಷೆ ಕಲಿಯತೊಡಗಿದ. ‘ದಾಸ್ ಹೌಸ್’ ಎಂದರೆ ಮನೆ, ವ್ಯಾಪಾರದ ಮನೆತನಕ್ಕೂ ಅದೇ ಮಾತು ಎಂದಳು. ಬಹುವಚನ ಕಲಿಸುವ ಮೊದಲೇ ತೀರಿಕೊಂಡಳು.

ಇಂಟರ್‌ವ್ಯೂ ದಿನ ಅಡುಗೆಯ ಭಟ್ಟರು ಊಟಕ್ಕೆ ಹೋಗಿದ್ದಾಗ ಐತಪ್ಪ ಆರ್ಡರ್ ಕೂಗುವ ರೂಢಿಯಲ್ಲೇ ಬಾಯಿಪಾಠ ಮಾಡಿದ:

“ಒಂದು ದಾಸ್ ಹೌಸ್! ಎರಡು...?”

ಖಾಲಿ ಅಡುಗೆಮನೆಯಿಂದ ಮುದುಕಿಯ ದನಿ ಮರುಕೂಗಿತು: “ದೀ ಹೊಯ್ಜರ್!”

ಇಂಟರ್‌ವ್ಯೂನಲ್ಲಿ ಕಂಪನಿಯ ಸಾಹೇಬರು ಕೇಳಿದ್ದೂ ಆ ಬಹುವಚನವನ್ನೇ. ಕೆಲಸ ಸಿಕ್ಕಿತು.

“ಒಳಗೆ ಹೋಗಿ ನೋಡ್ಲಿಲ್ವಾ ಮಾರಾಯ? ಭಟ್ರೇ ಇದ್ದಿರಬೇಕು,” ಎಂದು ಹೋಟೆಲಿನ ಧಣಿ ನಕ್ಕರು.

“ನೋಡಿದೆ ಧಣಿ. ಯಾರೂ ಇರ್ಲಿಲ್ಲ. ಅವಳು ಕುಡೀತಿದ್ದ ಲೋಟ ಬಿಸಿ ಇತ್ತು.”

ಈ ಕತೆ ಕೇಳಿದ ನನಗೆ ಬರುವ ಜರ್ಮನ್ ಈ ‘ಹೌಸ್’ ಒಂದೇ ಶಬ್ದ. ಅದಕ್ಕೆ ಐತಪ್ಪನಿಗೆ ಋಣಿ.