ನಾನು ಕೂಡಿಸಿದ ಗೆರೆಗಳು

ಪೀಣ್ಯದ ಆ ಘಟಕದಲ್ಲಿ ನಾವು ಕಂಟ್ರೋಲ್ ಪ್ಯಾನಲ್‌ಗಳ ಮುಖಫಲಕ ತಯಾರಿಸುತ್ತಿದ್ದೆವು. ಗಿರಾಕಿಯ ಕಾರ್ಖಾನೆಯಲ್ಲಿ ಪೈಪುಗಳು ಹೇಗೆ ಹಾದುಹೋಗಿವೆಯೋ ಹಾಗೆಯೇ ಅಲ್ಯುಮಿನಿಯಂ ತಗಡಿನ ಮೇಲೆ ಬಣ್ಣದ ಗೆರೆಗಳು. ವಾಲ್ವ್ ಇದ್ದಲ್ಲೆಲ್ಲ ಒಂದು ಸಣ್ಣ ವೃತ್ತ. ವೃತ್ತ ಕಂಡಲ್ಲಿ ತೂತು ಕೊರೆದು ದೀಪ ಕೂರಿಸುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ಬೇರೆ ಕಡೆ ಮೂವತ್ತು ವರ್ಷ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ನಿವೃತ್ತನಾದ ನಾನು ಇಲ್ಲಿ ಕಂಪ್ಯೂಟರ್ ಡ್ರಾಯಿಂಗ್ ವಿಭಾಗದ ಮುಖ್ಯಸ್ಥ. ವಿಭಾಗ ಎಂದರೆ ಎರಡು ಕಂಪ್ಯೂಟರ್, ನಾನು, ಹುಬ್ಬಳ್ಳಿ ಕಡೆಯ ಒಬ್ಬ ಹೆಣ್ಣುಮಗಳು. ಆಕೆಯ ಗಂಡನ ಕಾರ್ಖಾನೆಗೆ ಬೀಗ ಬಿದ್ದಿತ್ತು. ಮಾದನಾಯಕನಹಳ್ಳಿಯ ಬಾಡಿಗೆ ಮನೆ ಆಕೆಯ ಸಂಬಳದ ಮೇಲೆಯೇ ನಿಂತಿತ್ತು. ಆರು ತಿಂಗಳ ಪರೀಕ್ಷಾವಧಿ ಆ ತಿಂಗಳ ಕೊನೆಗೆ ಮುಗಿದು ಕೆಲಸ ಕಾಯಂ ಆಗಬೇಕಿತ್ತು.

ಗೆರೆ ಎಳೆಯುವಾಗ ಮೌಸ್ ಒತ್ತಿದಲ್ಲೆಲ್ಲ ಒಂದು ಬಿಂದು ಬೀಳುತ್ತದೆ. ನಾವು ಅದನ್ನು ನೋಡ್ ಎನ್ನುತ್ತಿದ್ದೆವು. ಪ್ರತಿ ವಾಲ್ವಿಗೊಂದು ನೋಡ್ ಹಾಕುವುದೇನೋ ಸುಲಭ. ಆದರೆ ನೋಡ್‌ಗಳ ಮೇಲೆಲ್ಲ ತಾನಾಗಿ ವೃತ್ತ ಕೂರಿಸುವ ಸೌಕರ್ಯ ನಮ್ಮ ಸಾಫ್ಟ್‌ವೇರಿನಲ್ಲಿರಲಿಲ್ಲ. ಒಂದು ವೃತ್ತ ಬರೆದು, ನಕಲು ಮಾಡಿ, ಒಂದೊಂದು ನೋಡ್ ಮೇಲೂ ಎಳೆದು ಕೂರಿಸಿ, ಪಕ್ಕದ ಹಾಳೆಯಲ್ಲಿ ಪೆನ್ಸಿಲಿನಿಂದ ಟಿಕ್ ಹಾಕಬೇಕೆಂದು ನಾನು ನಿಯಮ ಮಾಡಿದ್ದೆ. ಗಿರಾಕಿ ಒಂದು ಪೈಪು ಸರಿಸಿದರೆ ಎಲ್ಲವೂ ಮತ್ತೆ ಮೊದಲಿನಿಂದ.

"ಸರ, ಹಿಂಗ ಒಂದೊಂದ ಅಂಟಿಸ್ಕೋತ ಕುಂತ್ರ ಗಡಿಯಾರಕ್ಕೂ ನಿದ್ದಿ ಬರತೈತ್ರಿ," ಎಂದಳು ಒಂದು ದಿನ.

ಆಕೆ ಬೇರೆ ದಾರಿ ಹುಡುಕಿದ್ದಳು. ಗೆರೆಯ ತುದಿಗೆ ಬಾಣದ ತಲೆ ಹಾಕುವ ಸೌಕರ್ಯವಿತ್ತಲ್ಲ, ಆ ತಲೆಯ ಜಾಗಕ್ಕೆ ತಾನೇ ಬರೆದ ವೃತ್ತವನ್ನು ಸೇರಿಸಿದಳು. ಆಮೇಲೆ ಇಡೀ ಗೆರೆಯನ್ನು ಪ್ರತಿ ನೋಡ್‌ನಲ್ಲೂ ತುಂಡರಿಸಿದಳು. ಪ್ರತಿ ತುಂಡಿಗೂ ತುದಿ ಇರುತ್ತದೆ, ಪ್ರತಿ ತುದಿಗೂ ವೃತ್ತ ಬರುತ್ತದೆ. ಅರ್ಧ ದಿನದ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಎಣಿಸಿ ನೋಡಿದೆ. ಒಂದೂ ತಪ್ಪಿರಲಿಲ್ಲ.

ಸರಿ ಎಂದೆ. ಮನಸ್ಸು ಒಪ್ಪಲಿಲ್ಲ. ಒಂದು ಪೈಪು ಎಂದರೆ ಒಂದು ಗೆರೆ ಎಂದು ಕಲಿತವನು ನಾನು.

ನಾನು ಏಳೂವರೆಗೆ ಬಂದು, ಮೇಜು ಒರೆಸಿ, ಹಿಂದಿನ ದಿನದ ಫೈಲುಗಳನ್ನು ತಪಾಸಣೆ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ತೆರೆದದ್ದು ಆಕೆ ಬರೆದಿದ್ದ ಬೊಮ್ಮಸಂದ್ರದ ಔಷಧ ಕಾರ್ಖಾನೆಯ ಫಲಕ. ಯಂತ್ರ ನಿಧಾನವಾದ್ದರಿಂದ ಬಣ್ಣ, ದಪ್ಪ ಯಾವುದೂ ಕಾಣದ ಬರಿಗೆರೆಯ ನೋಟದಲ್ಲಿ ನೋಡುತ್ತಿದ್ದೆ. ಆ ನೋಟದಲ್ಲಿ ಬಾಣದ ತಲೆಗಳೂ, ಎಂದರೆ ಆಕೆಯ ವೃತ್ತಗಳೂ, ಕಾಣುವುದಿಲ್ಲ. ನನಗೆ ಕಂಡದ್ದು ನೇರವಾದ ಒಂದು ಪೈಪು, ನಾಲ್ಕು ತುಂಡಾಗಿ. ಕೈ ಸುಮ್ಮನಿರಲಿಲ್ಲ. ತುಂಡುಗಳನ್ನು ಕೂಡಿಸಿದೆ. ನೇರ ಗೆರೆಗೆ ಎರಡು ನೋಡ್ ಸಾಕೆಂದು ನಡುವಿನ ಮೂರನ್ನು ಅಳಿಸಿದೆ. ಉಳಿಸಿ, ಫ್ಲಾಪಿಗೆ ಹಾಕಿ, ತಗಡಿನ ಮೇಲೆ ಅಚ್ಚು ಹಾಕಲು ಬೇಕಾದ ಫಿಲಂ ತೆಗೆಯುವವರಿಗೆ ಕಳಿಸಿದೆ. ಒಂಬತ್ತಕ್ಕೆ ಕಾಫಿ ಕುಡಿದೆ.

ಫಿಲಂ ಬಂದಾಗ ಉದ್ದ ಅಗಲ ಅಳೆದೆ. ವೃತ್ತ ಎಣಿಸಲಿಲ್ಲ. ಆಕೆಯ ವಿಧಾನದಲ್ಲಿ ಎಣಿಸುವ ಅಗತ್ಯವಿಲ್ಲ ಎಂದುಕೊಂಡೆ.

ಎರಡು ವಾರದ ಮೇಲೆ ಮಾಲೀಕರು ಒಳಗೆ ಬಂದರು. "ಏನ್ ಸಾರ್ ಇದು? ಬೊಮ್ಮಸಂದ್ರದವ್ರು ಫೋನಲ್ಲಿ ಉಗೀತಿದ್ದಾರೆ. ಮೂರು ದೀಪಕ್ಕೆ ತೂತೇ ಇಲ್ವಂತೆ! ಯಾರ್ ಮಾಡಿದ್ದು ಡ್ರಾಯಿಂಗು?"

ಮೂರು ಎಂದ ಕೂಡಲೇ ನನಗೆ ಗೊತ್ತಾಯಿತು. ಆದರೂ ರಿಜಿಸ್ಟರ್ ತೆರೆದು, ಅದರಲ್ಲಿದ್ದ ಆಕೆಯ ಹೆಸರನ್ನು ಓದಿ ಹೇಳಿದೆ.

"ಅದೇನೋ ಶಾರ್ಟ್‌ಕಟ್ ಅಂತಿದ್ರಲ್ಲಮ್ಮ, ಇದೇನಾ?" ಎಂದರು ಆಕೆಗೆ.

ಆಕೆ ಫೈಲು ತೆರೆದಳು, ಸ್ವಲ್ಪ ಹೊತ್ತು ಪರದೆ ನೋಡಿದಳು, ಮುಚ್ಚಿದಳು. ನನ್ನತ್ತ ಒಮ್ಮೆ ತಿರುಗಿದಳು. ನಾನು ರಿಜಿಸ್ಟರಿನಲ್ಲಿ ಏನನ್ನೋ ಹುಡುಕುತ್ತಿದ್ದೆ. ಅದರಲ್ಲಿ ಹುಡುಕಲು ಏನೂ ಇರಲಿಲ್ಲ.

ಮರುದಿನ ಮಾಲೀಕರು ಬರುವುದಕ್ಕೂ ಮುಂಚೆ ಅವರ ಕೋಣೆಯ ಮುಂದೆ ನಿಂತಿದ್ದೆ. ಬಂದವರಿಗೆ ಎಲ್ಲವನ್ನೂ ಹೇಳಿದೆ. ಅವರು ನಕ್ಕರು. "ಬಿಡಿ ಸಾರ್. ಆಯಮ್ಮನಿಗೆ ಇನ್ನು ಕೆಲಸಕ್ಕೆ ಬರೋದು ಬೇಡ ಅಂತ ನಿನ್ನೆ ಸಂಜೆನೇ ಹೇಳ್ಬಿಟ್ಟೆ. ಬೇರೆಯವ್ರು ಸೋಮವಾರ ಬರ್ತಾರೆ. ಈಗ ನಿಮ್ಮನ್ನ ಕಳ್ಸಕ್ಕಾಗುತ್ತಾ?"

"ಕಳಿಸಿ," ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

ಹನ್ನೊಂದಕ್ಕೆ ಆಕೆ ಅನುಭವದ ಪತ್ರ ಕೇಳಲು ಬಂದಳು. ಕೂರಿಸಿ, ತಪ್ಪು ನನ್ನದು ಎಂದೆ.

"ಗೊತ್ತೈತ್ರಿ ಸರ. ಫೈಲ್ ತೆಗದ ಕೂಡ್ಲೆ ಗೊತ್ತಾತು. ಯಾರೋ ತುಂಡು ಕೂಡಿಸಿದ್ರು. ಈ ಕೋಣ್ಯಾಗ ಹಂಗ ಕೂಡಿಸವ್ರು ನೀವೊಬ್ರ."

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂತ ಕಾಯಾಕತ್ತಿದ್ದೆ."

ಕಾಗದ ಮುಂದಿಟ್ಟುಕೊಂಡು ದಕ್ಷತೆ, ಶಿಸ್ತು, ಜಾಣ್ಮೆ ಎಂದು ಬರೆಯತೊಡಗಿದೆ. ಆಕೆ ತಡೆದಳು. "ಹೊಗಳಿಕಿ ಬ್ಯಾಡ್ರಿ. ಆ ಫಲಕದ ತಪ್ಪು ನಂದಲ್ಲ ಅಂತ ಒಂದ ಸಾಲು ಬರೀರಿ, ಸಾಕು."

ಬರೆದೆ. ಮುದ್ರೆಗಾಗಿ ಮಾಲೀಕರ ಬಳಿ ಒಯ್ದೆ. ಅವರು ಓದಿ ವಾಪಸು ಕೊಟ್ಟರು. "ಇದಕ್ಕೆ ಕಂಪನಿ ಸೀಲ್ ಹಾಕಕ್ಕಾಗಲ್ಲ ಸಾರ್. ಗಿರಾಕಿ ಕೈಗೆ ಸಿಕ್ಕಿದ್ರೆ? ಆ ಸಾಲು ತೆಗೀರಿ, ಹಾಕ್ತೀನಿ."

ಹೊರಗೆ ಬಂದು ಹಾಗೇ ಹೇಳಿದೆ. ಸೀಲಿಲ್ಲದೆ ಆ ಸಾಲಿರುವ ಪತ್ರವೋ, ಸಾಲಿಲ್ಲದೆ ಸೀಲಿರುವ ಪತ್ರವೋ, ಯಾವುದು ಬೇಕು ಎಂದು ಕೇಳಿದೆ. ಆಕೆ ಯೋಚಿಸಿದಳು. ಬಾಡಿಗೆಯ ಯೋಚನೆ ಇರಬೇಕು, ನನಗೆ ಗೊತ್ತಿಲ್ಲ.

"ಸೀಲ್ ಇರೋದ ಕೊಡ್ರಿ," ಎಂದಳು. "ಕೆಲಸ ಬೇಕಲ್ರಿ."

ಆ ಸಾಲು ಬಿಟ್ಟು ಹೊಸ ಹಾಳೆಯಲ್ಲಿ ಬರೆದುಕೊಟ್ಟೆ. ಮುದ್ರೆ ಬಿತ್ತು.