ಒಂಬತ್ತು ಅಡಿಯ ಸುಳ್ಳು

ನನ್ನ ಮಗಳು ಡಿಸ್ಕಸ್ ಎಸೆಯುತ್ತಾಳೆ. ಅಮೆರಿಕದ ಅಟ್ಲಾಂಟಾ ಪಕ್ಕದ ನಮ್ಮ ಸುವಾನಿಯ ಕನ್ನಡದ ಮನೆಗಳಲ್ಲಿ ಇದನ್ನು ಹೇಳಿದರೆ ಇನ್ನೊಮ್ಮೆ ಹೇಳಿ ಎನ್ನುತ್ತಿದ್ದರು. ಟೆನಿಸ್, ಈಜು ಎಲ್ಲರಿಗೂ ಗೊತ್ತು. ಒಂದು ಕೆಜಿಯ ತಟ್ಟೆ ಹಿಡಿದು, ಸಿಮೆಂಟಿನ ವೃತ್ತದಲ್ಲಿ ಗಿರ್ರನೆ ತಿರುಗಿ ಎಸೆಯುವ ಹುಡುಗಿಗೆ ಏನು ಹೇಳಬೇಕೆಂದು ತೋಚುತ್ತಿರಲಿಲ್ಲ. "ಭುಜ ದಪ್ಪ ಆಗಲ್ವೇನಮ್ಮ?" ಎಂದು ಒಬ್ಬರು ಆಂಟಿ ಅವಳನ್ನೇ ಕೇಳಿದ್ದರು. "ಆಗ್ಲೇಬೇಕು ಆಂಟಿ," ಎಂದಿದ್ದಳು.

ಕೋವಿಡ್ ಕಳೆದು ಶಾಲೆಗಳು ಮೊದಲಿನಂತಾದ ಮೇಲಿನ ಮಾತು. ಹನ್ನೊಂದನೇ ತರಗತಿಯಲ್ಲಿದ್ದ ಅವಳು ಕಾಲೇಜು ತಂಡದಲ್ಲೂ ಎಸೆಯಬೇಕು ಎಂದಳು. ಚೆನ್ನಾಗಿ ಆಡುವವರನ್ನು ಕಾಲೇಜಿನ ಕೋಚ್‌ಗಳೇ ಹುಡುಕಿಕೊಂಡು ಬರುತ್ತಾರೆ ಎಂದು ನಾನು ತಿಳಿದಿದ್ದೆ. ಯಾರೂ ಬರುವುದಿಲ್ಲ, ನೀನೇ ಬರೆಯಬೇಕು ಎಂದು ಅವಳ ಶಾಲೆಯ ಕೋಚ್ ಹೇಳಿದ್ದರಂತೆ.

ಒಂದು ಶನಿವಾರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಳು. ಜಾರ್ಜಿಯಾ ಮತ್ತು ಎರಡೂ ಕ್ಯಾರೊಲೈನಾಗಳ ಸುಮಾರು ಮೂವತ್ತು ಕಾಲೇಜುಗಳ ಪಟ್ಟಿ. ಪ್ರತಿ ತಂಡದಲ್ಲಿ ಎಸೆಯುವವರು ಎಷ್ಟು ಜನ, ಈ ವರ್ಷ ಓದು ಮುಗಿಸಿ ಹೊರಡುವವರು ಯಾರು, ಹೊಸದಾಗಿ ಸೇರಿದವರು ಎಷ್ಟು ದೂರ ಎಸೆದಿದ್ದಾರೆ, ಎಲ್ಲವನ್ನೂ ನೋಡಿಕೊಂಡು ಒಬ್ಬೊಬ್ಬ ಕೋಚ್‌ಗೂ ಬೇರೆ ಬೇರೆ ಕಾಗದ ಬರೆದಳು. ಏಳೆಂಟು ಸಾಲು, ಅಷ್ಟೆ. ತಾನು ಯಾರು, ಅಂಕಗಳೆಷ್ಟು, ಏನು ಓದಬೇಕೆಂದಿದ್ದಾಳೆ, ಸ್ಪರ್ಧೆಯಲ್ಲಿ ಎಸೆದ ಅತಿ ಹೆಚ್ಚು ದೂರ ನೂರ ಹದಿನೆಂಟು ಅಡಿ, ಜೊತೆಗೆ ಒಂದು ವಿಡಿಯೊ. ಆ ವಿಡಿಯೊದಲ್ಲಿ ವೃತ್ತದ ಸುತ್ತ ಕಟ್ಟಿದ ಬಲೆಗೆ ಬಡಿದು ಹಾಳಾದ ಎಸೆತವೂ ಇತ್ತು.

"ಇದನ್ನ ಯಾಕೆ ಹಾಕಿದ್ದೀ? ತೆಗ್ದುಬಿಡು," ಎಂದೆ.

"ನನ್ ಮಿಸ್ಟೇಕ್ ಅವರಿಗೆ ಕಾಣ್ಬೇಕಮ್ಮ. ಅವರು ಫಿಕ್ಸ್ ಮಾಡೋದು ಅದನ್ನೇ ಅಲ್ವಾ?"

ಮೂರು ವಾರ ಕಳೆದರೂ ಸರಿಯಾದ ಉತ್ತರಗಳು ಬಂದದ್ದು ಎರಡೋ ಮೂರೋ. ಅವಳು ಬೇಸರವಿಲ್ಲದೆ ಮತ್ತೊಮ್ಮೆ ಎಲ್ಲರಿಗೂ ಬರೆದಳು. ತಾಳ್ಮೆ ಕಳೆದುಕೊಂಡವಳು ನಾನು. ಅಟ್ಲಾಂಟಾದ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಅವಳು ತುಂಬ ಆಸೆಪಟ್ಟಿದ್ದ ದೊಡ್ಡ ವಿಶ್ವವಿದ್ಯಾಲಯದ ಕೋಚ್‌ಗೆ ನಾನೇ ಮೇಲ್ ಮಾಡಿದೆ. ಅವಳ ಅತ್ಯುತ್ತಮ ಎಸೆತ ನೂರ ಇಪ್ಪತ್ತೇಳು ಅಡಿ ಎಂದು ಬರೆದೆ.

ಎರಡು ದಿನದ ಮೇಲೆ, ನಾನು ಚಪಾತಿ ಲಟ್ಟಿಸುತ್ತಿದ್ದಾಗ ಅವಳು ಫೋನು ಹಿಡಿದು ಅಡುಗೆಮನೆಗೆ ಬಂದಳು. ಕೋಚ್ ಅವಳಿಗೇ ಉತ್ತರ ಬರೆದಿದ್ದರು. ನೂರ ಇಪ್ಪತ್ತೇಳು ಅಡಿ ಯಾವ ಸ್ಪರ್ಧೆಯಲ್ಲಿ, ಫಲಿತಾಂಶಗಳಲ್ಲಿ ನನಗೆ ಕಾಣಲಿಲ್ಲವಲ್ಲ ಎಂದು ಕೇಳಿದ್ದರು.

"ಅಮ್ಮ, ನೀನು ಇವರಿಗೆ ಬರೆದ್ಯಾ?"

"ಬರೆದೆ. ಆವತ್ತು ಪ್ರಾಕ್ಟೀಸಲ್ಲಿ ಎಸ್ದಿದ್ಯಲ್ಲ, ನಾನೇ ಟೇಪ್ ಹಿಡ್ಕೊಂಡಿದ್ದೆ."

"ಪ್ರಾಕ್ಟೀಸ್ ಕೌಂಟ್ ಆಗಲ್ಲಮ್ಮ."

"ಒಂಬತ್ತು ಅಡಿ ತಾನೆ?"

ಅವಳು ದನಿ ಎತ್ತಲಿಲ್ಲ. "ನಿನ್ ಲ್ಯಾಬಲ್ಲಿ ಹೀಗ್ ಮಾಡ್ತೀಯಾ?" ಎಂದಳು.

ನಾನು ಲಟ್ಟಣಿಗೆ ಕೆಳಗಿಟ್ಟೆ. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಕೋಚ್‌ಗೆ ಬರೆದು, ನನಗೆ ಓದಿ ಹೇಳಿದಳು. ಸ್ಪರ್ಧೆಯಲ್ಲಿ ನನ್ನ ದೂರ ನೂರ ಹದಿನೆಂಟೇ. ನೂರ ಇಪ್ಪತ್ತೇಳು ಅಭ್ಯಾಸದಲ್ಲಿ ಎಸೆದದ್ದು, ಅಳೆದವರು ನನ್ನ ಅಮ್ಮ. ಅವರು ಪ್ರೀತಿಯಿಂದ ಬರೆದರು, ಆದರೆ ತಪ್ಪು ತಿದ್ದಬೇಕಾದವಳು ನಾನು. ಈ ವಸಂತದಲ್ಲಿ ಅಷ್ಟು ದೂರ ಎಸೆದರೂ ಎಸೆಯದಿದ್ದರೂ ನಿಮಗೆ ತಿಳಿಸುತ್ತೇನೆ.

"ನಿನ್ ವಿಷಯ ಇದೆ ಇದ್ರಲ್ಲಿ. ಕಳಿಸ್ಲಾ?" ಎಂದು ಕೇಳಿದಳು. ಕಳಿಸು ಎಂದೆ. ತಪ್ಪು ಮಾಡಿದವಳ ಅನುಮತಿಯನ್ನೂ ಕೇಳುವ ಆ ಸಭ್ಯತೆ ಅವಳಿಗೆ ಎಲ್ಲಿಂದ ಬಂತೋ ನನಗೆ ಇಂದಿಗೂ ತಿಳಿಯದು. ಅವಳಲ್ಲಿ ಕ್ಷಮೆ ಕೇಳಲು ನನಗೆ ಮರುದಿನ ಬೆಳಗಿನವರೆಗೆ ಬೇಕಾಯಿತು.

ಒಂದು ವಾರದ ಮೇಲೆ ಆ ಕೋಚ್ ಫೋನ್ ಮಾಡಿದರು. ನೂರ ಹದಿನೆಂಟು ಅಡಿ ನಮ್ಮ ತಂಡಕ್ಕೆ ಸಾಲದು ಎಂದು ನೇರವಾಗಿ ಹೇಳಿ, ಉತ್ತರ ಕ್ಯಾರೊಲೈನಾದ ಒಂದು ಚಿಕ್ಕ ಕಾಲೇಜಿನಲ್ಲಿ ನನ್ನ ಗೆಳತಿ ಕೋಚ್ ಆಗಿದ್ದಾಳೆ, ನಿನ್ನ ಕಾಗದವನ್ನು ಅವಳಿಗೆ ಕಳಿಸಲೇ ಎಂದು ಕೇಳಿದರು. ಕಳಿಸಿ ಎಂದ ಮಗಳು ಹಿತ್ತಿಲ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಒಬ್ಬಳೇ ಕೂತಿದ್ದು, ಆಮೇಲೆ ಶೂ ಹಾಕಿಕೊಂಡು ಅಭ್ಯಾಸಕ್ಕೆ ಹೋದಳು.

ಆ ಗೆಳತಿ ಕೋಚ್ ಫೋನ್ ಮಾಡಿದಾಗ ನಾನು ಕಾರಿನಲ್ಲಿ ಮಗಳ ಪಕ್ಕದಲ್ಲೇ ಇದ್ದೆ. ಅರ್ಧ ಹೊತ್ತು ಪ್ರಶ್ನೆ ಕೇಳಿದವಳು ಇವಳೇ. ಪೆಟ್ಟಾದವರನ್ನು ನಿಮ್ಮಲ್ಲಿ ಹೇಗೆ ನೋಡಿಕೊಳ್ಳುತ್ತೀರಿ, ಕೆಮಿಸ್ಟ್ರಿ ಲ್ಯಾಬಿನ ದಿನ ಅಭ್ಯಾಸಕ್ಕೆ ತಡವಾದರೆ ನಡೆಯುತ್ತದೆಯೇ ಎಂದೆಲ್ಲ. ಹದಿನೇಳರಲ್ಲಿ ನಾನು, ಮೈಸೂರಿನ ಮನೆಗೆ ಅಪ್ಪನ ಆಫೀಸಿನವರು ಬಂದರೆ ಒಳಕೋಣೆ ಸೇರುತ್ತಿದ್ದವಳು.

ಆ ವಸಂತದಲ್ಲಿ ಅವಳು ನೂರ ಇಪ್ಪತ್ತಮೂರು ಅಡಿ ಎಸೆದಳು. ಇಬ್ಬರು ಕೋಚ್‌ಗಳಿಗೂ ಬರೆದಳು. ಬೇಡವೆಂದವರಿಗೂ.

ಈಗ ಆ ಚಿಕ್ಕ ಕಾಲೇಜಿನಲ್ಲಿ ಎರಡನೇ ವರ್ಷ. ಮೊನ್ನೆ ಅವಳ ಸ್ಪರ್ಧೆ ನೋಡಲು ನಾನೂ ನನ್ನ ಗಂಡನೂ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಹೋಗಿದ್ದೆವು. ಆರನೆಯವಳಾಗಿ ಬಂದಳು. ಬೆವರೊರೆಸುತ್ತಾ ಬಂದು ಇಬ್ಬರನ್ನೂ ತಬ್ಬಿಕೊಂಡು, "ಟೀಮ್ ಜೊತೆ ಊಟಕ್ಕೆ ಹೋಗ್ತೀನಿ, ನೀವು ಹೊರಡಿ, ಟ್ರಾಫಿಕ್ ಆಗತ್ತೆ," ಎಂದಳು. ನಾವು ಹೊರಟೆವು.